ರೂಪಾಯಿಯ ದರ, ಸೆಣಬು ಬೆಳೆದವನ ಲೆಕ್ಕ

ಪಾಕಿಸ್ತಾನದ ಆರ್ಥಿಕ ಬಿಕ್ಕಟ್ಟಿನ ಸುದ್ದಿ ಬಂದಾಗಲೆಲ್ಲ ನಮ್ಮ ಟಿ.ವಿ. ಚರ್ಚೆಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಅಂಕಿ ಓಡಾಡುತ್ತದೆ: ನಮ್ಮ ಒಂದು ರೂಪಾಯಿಗೆ ಅವರ ಸುಮಾರು ಮೂರು ರೂಪಾಯಿ. ಲೆಕ್ಕ ಸರಿಯಾಗಿಯೇ ಇದೆ. ಅದನ್ನು ಹೇಳುವ ಧಾಟಿಯಲ್ಲಿ ಮಾತ್ರ ನಾವು ಗೆದ್ದೆವು, ಅವರು ಸೋತರು ಎಂಬ ಭಾವ ಇಣುಕುತ್ತದೆ. ಇದೇ ಲೆಕ್ಕವನ್ನು 1950ರಲ್ಲಿ ಮಾಡಿದ್ದರೆ ಉತ್ತರ ತಿರುವುಮುರುವು. ಆಗ ಅವರ 100 ರೂಪಾಯಿಗೆ ನಮ್ಮ 144 ರೂಪಾಯಿ. 1960ರಲ್ಲಿ ಎರಡೂ ಸಮ. 1970ರಲ್ಲಿ ಮತ್ತೆ ಅವರದು ಮೇಲು. 1980ರಲ್ಲಿ ನಮ್ಮದು ಮೇಲು. 1993ರಲ್ಲಿ ಇನ್ನೊಮ್ಮೆ ಅವರದೇ ತುಸು ಮೇಲು.

ಒಂದೇ ಬೇರಿನಿಂದ ಕವಲೊಡೆದ ಎರಡು ರೂಪಾಯಿಗಳ ಈ ಏರಿಳಿತವನ್ನು ಕೂತು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ವಿನಿಮಯ ದರ ದೇಶದ ಮಾನದ ಅಳತೆಗೋಲಲ್ಲ. ದೇಶದೊಳಗೆ ಯಾರ ಕಿಸೆಯಿಂದ ಹಣ ಹೊರಟು ಯಾರ ಕಿಸೆ ಸೇರಬೇಕು ಎಂಬುದನ್ನು ತೀರ್ಮಾನಿಸುವ ಅಂಕಿ ಅದು. ಈ ತೀರ್ಮಾನದ ಭಾರ ಅತಿ ಹೆಚ್ಚು ಬಿದ್ದದ್ದು ವಿಭಜನೆಯಲ್ಲಿ ಪಾಕಿಸ್ತಾನದ ಪಾಲಿಗೆ ಹೋದ ಪೂರ್ವ ಬಂಗಾಳದ (ಇಂದಿನ ಬಾಂಗ್ಲಾದೇಶದ) ಸೆಣಬು ಬೆಳೆಗಾರರ ಮೇಲೆ. ಆಗಿನ ರಾಜಧಾನಿ ಕರಾಚಿಯಲ್ಲಿ ದರ ನಿಗದಿಯಾದಾಗ ಅವರನ್ನು ಕೇಳಿದವರಿರಲಿಲ್ಲ, ಕೋಲ್ಕತ್ತದ ಗಿರಣಿಗಳು ಖರೀದಿ ನಿಲ್ಲಿಸಿದಾಗಲೂ ಕೇಳಿದವರಿರಲಿಲ್ಲ.

1947ರ ಆಗಸ್ಟ್‌ನಲ್ಲಿ ದೇಶ ಎರಡಾಯಿತು, ದುಡ್ಡು ಒಂದೇ ಉಳಿಯಿತು. ಹೊಸ ದೇಶದ ಬಳಿ ನೋಟು ಮುದ್ರಿಸುವ ಮುದ್ರಣಾಲಯವಾಗಲಿ ಕೇಂದ್ರ ಬ್ಯಾಂಕಾಗಲಿ ಇರಲಿಲ್ಲ. ಹಾಗಾಗಿ ಸ್ವಲ್ಪ ಕಾಲ ರಿಸರ್ವ್ ಬ್ಯಾಂಕ್ ಆಫ್ ಇಂಡಿಯಾವೇ ಎರಡೂ ದೇಶಗಳ ಕೇಂದ್ರ ಬ್ಯಾಂಕ್ ಆಗಿರುವುದೆಂದು ಒಪ್ಪಂದವಾಯಿತು. ಆ ಕಾಲದ ಪಾಕಿಸ್ತಾನಿ ನೋಟು ಈಗಲೂ ನಾಣ್ಯ ಸಂಗ್ರಹಕಾರರ ಬಳಿ ನೋಡಲು ಸಿಗುತ್ತದೆ. ಅದೇ ಆರನೆಯ ಜಾರ್ಜ್ ದೊರೆಯ ಚಿತ್ರ, ಅದೇ ರಿಸರ್ವ್ ಬ್ಯಾಂಕಿನ ಹೆಸರು, ಅದೇ ಗವರ್ನರ್ ಸಹಿ. ನೀರುಗುರುತಿಗೆಂದು ಬಿಟ್ಟ ಬಿಳಿ ಜಾಗದಲ್ಲಿ ಮಾತ್ರ ಮೇಲೆ ಇಂಗ್ಲಿಷಿನಲ್ಲಿ ‘ಗವರ್ನಮೆಂಟ್ ಆಫ್ ಪಾಕಿಸ್ತಾನ್’ ಎಂದೂ ಕೆಳಗೆ ಉರ್ದುವಿನಲ್ಲಿ ‘ಹುಕೂಮತ್-ಎ-ಪಾಕಿಸ್ತಾನ್’ ಎಂದೂ ಇದೆ. ಅಚ್ಚಾದದ್ದು ನಾಸಿಕ್‌ನಲ್ಲಿ. ಒಂದು ನೋಟನ್ನು ಇನ್ನೊಂದು ದೇಶದ್ದಾಗಿಸಲು ಅಷ್ಟು ಅಕ್ಷರಗಳು ಸಾಕಾದವು.

ಖಜಾನೆಯ ಪಾಲು ಮಾತ್ರ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ನಗದು ಶಿಲ್ಕಿನಲ್ಲಿ ಪಾಕಿಸ್ತಾನದ ಪಾಲು 75 ಕೋಟಿ ರೂಪಾಯಿ ಎಂದಾಗಿತ್ತು. 20 ಕೋಟಿ ಮೊದಲೇ ಸಂದಾಯವಾಗಿತ್ತು, ಉಳಿದ 55 ಕೋಟಿಯನ್ನು ಕಾಶ್ಮೀರದ ಕದನದ ಕಾರಣಕ್ಕೆ ಭಾರತ ತಡೆಹಿಡಿಯಿತು. 1948ರ ಜನವರಿ 13ರಂದು ಗಾಂಧೀಜಿ ದೆಹಲಿಯಲ್ಲಿ ಉಪವಾಸಕ್ಕೆ ಕೂತ ಎರಡೇ ದಿನಕ್ಕೆ ಸರ್ಕಾರ ಆ ಹಣ ಬಿಡುಗಡೆ ಮಾಡಲು ನಿರ್ಧರಿಸಿತು. ಅದೇ ವರ್ಷ ಜುಲೈ 1ರಂದು ಜಿನ್ನಾ ಅವರು ಕರಾಚಿಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನ್ ಉದ್ಘಾಟಿಸಿದರು. ಅಲ್ಲಿಗೆ ರೂಪಾಯಿಗೆ ಇಬ್ಬರು ಯಜಮಾನರಾದರು. ಬೆಲೆ ಮಾತ್ರ ಇನ್ನೂ ಒಂದೇ ಇತ್ತು: ಎರಡೂ ರೂಪಾಯಿಗಳು ಬ್ರಿಟನ್ನಿನ ಪೌಂಡಿಗೆ ಅದೇ ಹಳೆಯ ದರದಲ್ಲಿ, ಡಾಲರಿಗೆ ಸುಮಾರು 3 ರೂಪಾಯಿ 31 ಪೈಸೆಯ ಲೆಕ್ಕದಲ್ಲಿ ಬಿಗಿದುಕೊಂಡಿದ್ದವು.

ಆ ಗಂಟು ಬಿಚ್ಚಿದ್ದು 1949ರ ಸೆಪ್ಟೆಂಬರ್ 18ರಂದು. ಯುದ್ಧದಿಂದ ಬಳಲಿದ್ದ ಬ್ರಿಟನ್ ತನ್ನ ಪೌಂಡನ್ನು 4.03 ಡಾಲರಿನಿಂದ 2.80 ಡಾಲರಿಗೆ ಇಳಿಸಿತು. ಅಂದರೆ ಶೇ 30.5ರಷ್ಟು ಅಪಮೌಲ್ಯ. ಅದರ ಬೆನ್ನಿಗೇ ಭಾರತವೂ ರೂಪಾಯಿಯನ್ನು ಅಷ್ಟೇ ಪ್ರಮಾಣದಲ್ಲಿ ಇಳಿಸಿತು. ಡಾಲರ್ 4 ರೂಪಾಯಿ 76 ಪೈಸೆಗೆ ಏರಿತು. ಆಗ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು ಮಂಗಳೂರು ಸೀಮೆಯ ಬೆನೆಗಲ್ ರಾಮರಾವ್, ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಅವರ ತಮ್ಮ. ಅಧಿಕಾರ ವಹಿಸಿಕೊಂಡು ಮೂರು ತಿಂಗಳೂ ತುಂಬಿರಲಿಲ್ಲ. ಭಾರತದ ರಫ್ತು ಬಹುಪಾಲು ಪೌಂಡ್ ವಲಯಕ್ಕೇ ಹೋಗುತ್ತಿದ್ದುದರಿಂದ ಇಳಿಸದೆ ಬೇರೆ ದಾರಿ ಇರಲಿಲ್ಲ.

ಪಾಕಿಸ್ತಾನ ಇಳಿಸಲಿಲ್ಲ. ಪೌಂಡ್ ವಲಯದ ಕಾಮನ್‌ವೆಲ್ತ್ ದೇಶಗಳಲ್ಲಿ ಹಾಗೆ ಮಾಡಿದ್ದು ಅದೊಂದೇ. ನೆನ್ನೆಯ ತನಕ ಒಂದಕ್ಕೊಂದು ಸಮವಿದ್ದ ಎರಡು ರೂಪಾಯಿಗಳ ನಡುವೆ ರಾತ್ರಿ ಕಳೆಯುವುದರೊಳಗೆ ನೂರಕ್ಕೆ 44 ರೂಪಾಯಿಯ ಅಂತರ ಬಿತ್ತು. ಪಾಕಿಸ್ತಾನದ 100 ರೂಪಾಯಿ ಬೇಕೆಂದರೆ ಭಾರತದವರು 144 ರೂಪಾಯಿ ಕೊಡಬೇಕು.

ಈ ನಿರ್ಧಾರವನ್ನು ಬರೀ ಹಟ ಎಂದು ತಳ್ಳಿಹಾಕಿದರೆ ಅನ್ಯಾಯವಾದೀತು. ಅದರ ಹಿಂದೆ ಒಂದು ತರ್ಕ ಇತ್ತು. ಅವಿಭಜಿತ ಭಾರತದ ಸೆಣಬಿನ ಸುಮಾರು ಮುಕ್ಕಾಲು ಪಾಲು ಮೈಮನ್‌ಸಿಂಗ್, ಢಾಕಾ, ಫರೀದ್‌ಪುರ ಮೊದಲಾದ ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ಬೆಳೆಯುತ್ತಿತ್ತು. ಅದನ್ನು ನೂಲಾಗಿ, ಗೋಣಿತಟ್ಟಾಗಿ ಮಾಡುವ ಗಿರಣಿಗಳೆಲ್ಲ ಕೋಲ್ಕತ್ತದ ಸುತ್ತ, ಹೂಗ್ಲಿ ನದಿಯ ಎರಡೂ ದಂಡೆಗಳಲ್ಲಿ ಇದ್ದವು. ಗಡಿ ಗೆರೆ ಹೊಲಕ್ಕೂ ಗಿರಣಿಗೂ ನಡುವೆ ಹಾದುಹೋಗಿತ್ತು. ಜಗತ್ತಿನ ಧಾನ್ಯ, ಸಕ್ಕರೆ, ಹತ್ತಿ, ಸಿಮೆಂಟು ಎಲ್ಲವೂ ಆಗ ಗೋಣಿಚೀಲದಲ್ಲೇ ಸಾಗುತ್ತಿದ್ದ ಕಾಲ. ಹಾಗಾಗಿ ಸೆಣಬಿನ ಬೆಲೆ ಏರಿದರೂ ಕೊಳ್ಳುವವರು ಕೊಂಡೇ ಕೊಳ್ಳುತ್ತಾರೆ, ನಮ್ಮ ದುಡ್ಡನ್ನು ಅಗ್ಗ ಮಾಡಿದರೆ ಬರುವ ವಿದೇಶಿ ವಿನಿಮಯವೇ ಕಡಿಮೆಯಾಗುತ್ತದೆ ಎಂಬುದು ಕರಾಚಿಯ ವಾದ. ಹೊಸ ದೇಶಕ್ಕೆ ಯಂತ್ರಗಳು ಬೇಕಿದ್ದವು, ದರ ಗಟ್ಟಿಯಿದ್ದರೆ ಅವು ಅಗ್ಗ. ಭಾರತದ ಹಿಂದೆ ಹೆಜ್ಜೆ ಹಾಕದೆ ತಾನೇ ನಿರ್ಧಾರ ಮಾಡಬಲ್ಲ ದೇಶ ಎಂದು ತೋರಿಸಿಕೊಳ್ಳುವ ಆಸೆಯೂ ಅದರಲ್ಲಿತ್ತು.

ಈ ತರ್ಕದಲ್ಲಿ ಬಿಟ್ಟುಹೋದದ್ದು ರೈತನ ಲೆಕ್ಕ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಫರೀದ್‌ಪುರದ ಒಬ್ಬ ಬೆಳೆಗಾರ ಒಂದು ಮಣ ಸೆಣಬಿಗೆ 30 ರೂಪಾಯಿ ನಿರೀಕ್ಷಿಸುತ್ತಿದ್ದ ಎನ್ನೋಣ. ಸೆಪ್ಟೆಂಬರ್‌ಗೆ ಮೊದಲು ಕೋಲ್ಕತ್ತದ ಗಿರಣಿ 30 ಭಾರತೀಯ ರೂಪಾಯಿ ಕೊಟ್ಟರೆ ಅದು ಹಾಗೆಯೇ ಅವನ ಕೈಗೆ 30 ರೂಪಾಯಿ. ದರ ಬದಲಾದ ಮೇಲೆ ಅವನಿಗೆ 30 ಪಾಕಿಸ್ತಾನಿ ರೂಪಾಯಿ ಸಿಗಬೇಕಾದರೆ ಗಿರಣಿ 43 ರೂಪಾಯಿಗೂ ಹೆಚ್ಚು ಕೊಡಬೇಕು. ಕೊಡಲಾರೆ, 30ರ ಮೇಲೆ ಒಂದು ಕಾಸೂ ಏರಿಸಲಾರೆ ಎಂದು ಗಿರಣಿ ಕೂತರೆ ರೈತನ ಕೈಗೆ ಬರುವುದು 20 ರೂಪಾಯಿ 13 ಆಣೆ. ಅದೇ ಹೊಲ, ಅದೇ ಬೆಳೆ, ಅದೇ ಮಳೆ. ಎದೆಮಟ್ಟದ ನೀರಿನಲ್ಲಿ ನಿಂತು ಕೊಳೆತ ಕಾಂಡದಿಂದ ನಾರು ಬಿಡಿಸುವ ಅದೇ ದುಡಿಮೆ. ಕರಾಚಿಯ ಒಂದು ಪ್ರಕಟಣೆಯಿಂದ ಅದರ ಬೆಲೆಯಲ್ಲಿ ಸುಮಾರು ಮೂರನೇ ಒಂದು ಪಾಲು ಕರಗುತ್ತದೆ.

ಅತ್ತ ಅದೇ ದೇಶದ ಇನ್ನೊಬ್ಬನ ಲೆಕ್ಕ ನೋಡಿ. ಕರಾಚಿಯ ಉದ್ಯಮಿಯೊಬ್ಬ 10,000 ಡಾಲರಿನ ಯಂತ್ರ ತರಿಸಬೇಕು. ಅಪಮೌಲ್ಯ ಆಗಿದ್ದರೆ ಅವನು 47,600 ರೂಪಾಯಿ ತೆರಬೇಕಿತ್ತು. ಆಗದೆ ಇದ್ದುದರಿಂದ 33,100ಕ್ಕೇ ಯಂತ್ರ ಬಂತು. ಉಳಿದ 14,500 ರೂಪಾಯಿಯನ್ನು ಅವನಿಗೆ ಯಾರೂ ದಾನವಾಗಿ ಕೊಡಲಿಲ್ಲ. ಡಾಲರು ಗಳಿಸಿಕೊಟ್ಟ ಬೆಳೆಗಾರನಿಗೆ ಆ ಡಾಲರಿನ ಪೂರ್ತಿ ಬೆಲೆ ಸಿಗದೆ ಹೋದದ್ದೇ ಈತನ ಲಾಭವಾಯಿತು. ಬಜೆಟ್ಟಿನಲ್ಲಿ ಇದಕ್ಕೆ ಒಂದು ಸಾಲೂ ಇರುವುದಿಲ್ಲ, ಶಾಸನಸಭೆಯಲ್ಲಿ ಚರ್ಚೆಯಾಗುವುದಿಲ್ಲ, ರಸೀದಿ ಹರಿಯುವುದಿಲ್ಲ. ಆದರೂ ಇದು ತೆರಿಗೆಯೇ. ಒಬ್ಬರಿಂದ ಎತ್ತಿ ಇನ್ನೊಬ್ಬರಿಗೆ ಕೊಡುವ ತೆರಿಗೆ.

ಭಾರತದ ಪ್ರತಿಕ್ರಿಯೆಯೂ ರೈತನ ಕಡೆ ನೋಡಲಿಲ್ಲ. ಹೊಸ ದರವನ್ನೇ ನಾವು ಮಾನ್ಯ ಮಾಡುವುದಿಲ್ಲ ಎಂದು ದೆಹಲಿ ನಿಂತಿತು. ಪಾಕಿಸ್ತಾನ ಆಗಿನ್ನೂ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸದಸ್ಯನಾಗಿರಲಿಲ್ಲವಾದ್ದರಿಂದ ಆ ದರಕ್ಕೆ ನಿಧಿಯ ಮುದ್ರೆ ಇರಲಿಲ್ಲ. ಕೋಲ್ಕತ್ತದ ಗಿರಣಿಗಳು ಪೂರ್ವ ಬಂಗಾಳದ ಸೆಣಬು ಕೊಳ್ಳುವುದು ನಿಂತಿತು. ಅಸ್ಸಾಮಿನಿಂದ ಪೂರ್ವ ಬಂಗಾಳದ ನದಿಗಳ ಮೂಲಕ ಸಾಗುತ್ತಿದ್ದ ಭಾರತದ ಸೆಣಬನ್ನು ಪಾಕಿಸ್ತಾನ ತಡೆಯಿತು. ಡಿಸೆಂಬರ್‌ನಲ್ಲಿ ಭಾರತ ಕಲ್ಲಿದ್ದಲು ಕಳಿಸುವುದನ್ನು ನಿಲ್ಲಿಸಿತು. ಆ ಹೊತ್ತಿಗೆ ಪಾಕಿಸ್ತಾನದ ರಫ್ತಿನ ಅರ್ಧದಷ್ಟು ಭಾರತಕ್ಕೇ ಬರುತ್ತಿತ್ತು, ಅಲ್ಲಿನ ರೈಲುಗಳು ಓಡುತ್ತಿದ್ದದ್ದು ಇಲ್ಲಿನ ಕಲ್ಲಿದ್ದಲಿನಿಂದ. ಎರಡೇ ವರ್ಷದ ಹಿಂದೆ ಒಂದೇ ಸಂತೆಯಾಗಿದ್ದ ನೆಲ ಎರಡು ತುಂಡಾಯಿತು. ದೇಶ ವಿಭಜನೆಯಾದದ್ದು 1947ರಲ್ಲಿ, ಮಾರುಕಟ್ಟೆಯ ವಿಭಜನೆ ಪೂರ್ತಿಯಾದದ್ದು 1949ರಲ್ಲಿ ಎಂದು ಹೇಳುವುದು ಹೆಚ್ಚು ಸರಿ.

ರೈತ ಸುಮ್ಮನೆ ಕೂರಲಾರ. ಬೆಲೆ ಕಂಡಲ್ಲಿಗೆ ಬೆಳೆ ಹೋಯಿತು, ಸೆಣಬು ಕತ್ತಲಲ್ಲಿ ಗಡಿ ದಾಟತೊಡಗಿತು. ಭಾರತ ಪಶ್ಚಿಮ ಬಂಗಾಳ, ಅಸ್ಸಾಂ, ಬಿಹಾರ, ಒಡಿಶಾಗಳಲ್ಲಿ ಭತ್ತದ ಗದ್ದೆಗಳನ್ನೂ ಸೆಣಬಿಗೆ ತಿರುಗಿಸಿತು. ಕೆಲವೇ ವರ್ಷಗಳಲ್ಲಿ ಇಲ್ಲಿನ ಸೆಣಬಿನ ಉತ್ಪಾದನೆ ಎರಡು ಪಟ್ಟಿಗೂ ಹೆಚ್ಚಾಯಿತು. ಅನ್ನಕ್ಕೇ ಕೊರತೆಯಿದ್ದ ದಿನಗಳಲ್ಲಿ ಅನ್ನದ ಗದ್ದೆ ಗೋಣಿಯ ಗದ್ದೆಯಾಯಿತು ಎಂಬುದು ಈ ದರದ ಜಗಳಕ್ಕೆ ನಾವು ತೆತ್ತ ಬೆಲೆ. ಅತ್ತ ಪಾಕಿಸ್ತಾನ ತನ್ನದೇ ಗಿರಣಿಗಳನ್ನು ಕಟ್ಟಲು ಹೊರಟಿತು. ನಾರಾಯಣಗಂಜ್‌ನಲ್ಲಿ ಆದಮ್‌ಜಿ ಸೆಣಬಿನ ಗಿರಣಿ 1951ರಲ್ಲಿ ಶುರುವಾಯಿತು. ಗಡಿಯ ಒಂದು ಕಡೆ ಗಿರಣಿಗಳಿದ್ದೂ ಸೆಣಬಿಲ್ಲದೆ, ಇನ್ನೊಂದು ಕಡೆ ಸೆಣಬಿದ್ದೂ ಗಿರಣಿಗಳಿಲ್ಲದೆ, ಎರಡೂ ಬಡ ದೇಶಗಳು ಇದ್ದದ್ದನ್ನೇ ಮತ್ತೊಮ್ಮೆ ಕಟ್ಟುವುದಕ್ಕೆ ದುಡ್ಡು ಸುರಿದವು.

ಪಾಕಿಸ್ತಾನದ ದರವನ್ನು ಉಳಿಸಿದ್ದು ದೂರದ ಒಂದು ಯುದ್ಧ. 1950ರ ಜೂನ್‌ನಲ್ಲಿ ಕೊರಿಯಾದಲ್ಲಿ ಕಾಳಗ ಶುರುವಾಯಿತು. ದೊಡ್ಡ ದೇಶಗಳು ದಾಸ್ತಾನು ಮಾಡತೊಡಗಿದಂತೆ ಸೆಣಬು, ಹತ್ತಿಗಳ ಬೆಲೆ ಗಗನಕ್ಕೇರಿತು. 144ರ ದರದಲ್ಲೂ ಕೊಳ್ಳುವವರು ಸಿಕ್ಕರು. ಗಿರಣಿಗಳು ಸೆಣಬಿಲ್ಲದೆ ಒದ್ದಾಡುತ್ತಿದ್ದ ಭಾರತ 1951ರ ಫೆಬ್ರುವರಿಯಲ್ಲಿ ಮಣಿದು ಪಾಕಿಸ್ತಾನದ ದರವನ್ನು ಒಪ್ಪಿತು, ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಕರಾಚಿಯಲ್ಲಿ ಅದನ್ನು ಗೆಲುವೆಂದು ಎಣಿಸಿದ್ದರೆ ಅಚ್ಚರಿಯಿಲ್ಲ.

ಗೆಲುವು ಬಹಳ ದಿನ ಬಾಳಲಿಲ್ಲ. 1952ರ ಹೊತ್ತಿಗೆ ಕೊರಿಯಾದ ಭರಾಟೆ ಇಳಿಯಿತು, ಬೆಲೆಗಳು ಕುಸಿದವು, ವಿದೇಶಿ ವಿನಿಮಯದ ಮೀಸಲು ಕರಗಿತು. ದರ ಇಳಿಸುವ ಬದಲು ಸರ್ಕಾರ ಆಮದಿಗೆ ಲೈಸೆನ್ಸ್ ಹಾಕಿತು. ಅಗ್ಗದ ಡಾಲರು ಬೇಕಾದವರೆಲ್ಲ ಲೈಸೆನ್ಸಿನ ಸಾಲಿನಲ್ಲಿ ನಿಂತರು. ಸಿಕ್ಕವನು ಸಿರಿವಂತನಾದ. ಕೊನೆಗೆ 1955ರ ಜುಲೈ 31ರಂದು ಪಾಕಿಸ್ತಾನವೂ ಡಾಲರಿಗೆ 4 ರೂಪಾಯಿ 76 ಪೈಸೆಗೆ ಇಳಿಯಿತು. ಆರು ವರ್ಷದ ಬಳಿಕ ಎರಡು ರೂಪಾಯಿಗಳು ಮತ್ತೆ ಸಮವಾದವು.

ಆದರೂ ಒಳಗಿನ ಹಂಚಿಕೆ ಸರಿಹೋಗಲಿಲ್ಲ. 1959ರಲ್ಲಿ ಬೋನಸ್ ವೋಚರ್ ಎಂಬ ಯೋಜನೆ ಬಂತು. ತಯಾರಿಸಿದ ಸರಕನ್ನು ರಫ್ತು ಮಾಡಿದವರಿಗೆ ವೋಚರ್ ಸಿಗುತ್ತಿತ್ತು, ಅದನ್ನು ಮಾರುಕಟ್ಟೆಯಲ್ಲಿ ಲಾಭಕ್ಕೆ ಮಾರಬಹುದಿತ್ತು. ಅಂದರೆ ಹೆಸರಿಗೆ ಒಂದು ದರ, ವ್ಯವಹಾರದಲ್ಲಿ ಬೇರೆ ಬೇರೆಯವರಿಗೆ ಬೇರೆ ಬೇರೆ ದರ. ಕಚ್ಚಾ ಸೆಣಬನ್ನು ಈ ಸೌಲಭ್ಯದಿಂದ ಹೊರಗಿಡಲಾಗಿತ್ತು. ಸೆಣಬಿನ ಡಾಲರು ಪೂರ್ವದಲ್ಲಿ ಹುಟ್ಟುತ್ತಿತ್ತು, ಅದರ ದೊಡ್ಡ ಪಾಲು ಪಶ್ಚಿಮದ ಕಾರ್ಖಾನೆಗಳಿಗೆ ಖರ್ಚಾಗುತ್ತಿತ್ತು. 1966ರ ಫೆಬ್ರುವರಿಯಲ್ಲಿ ಲಾಹೋರಿನಲ್ಲಿ ಪೂರ್ವ ಭಾಗದ ನಾಯಕ ಶೇಖ್ ಮುಜಿಬುರ್ ರಹಮಾನ್ ಮುಂದಿಟ್ಟ ಆರು ಅಂಶಗಳ ಬೇಡಿಕೆಯನ್ನು ನಾವು ಸಾಮಾನ್ಯವಾಗಿ ಭಾಷೆ ಮತ್ತು ಸ್ವಾಯತ್ತತೆಯ ಹೋರಾಟದ ಕಣ್ಣಲ್ಲೇ ನೋಡುತ್ತೇವೆ. ಅದರಲ್ಲಿ ಒಂದಂಶ ಪೂರ್ವ ಮತ್ತು ಪಶ್ಚಿಮಗಳಿಗೆ ಬೇರೆ ಬೇರೆ ಕರೆನ್ಸಿ ಇರಲಿ, ಇಲ್ಲವೇ ಪೂರ್ವದ ಬಂಡವಾಳ ಪಶ್ಚಿಮಕ್ಕೆ ಹರಿಯದಂತೆ ಕಟ್ಟುಪಾಡು ಇರಲಿ ಎಂಬುದು. ಇನ್ನೊಂದಂಶ ಎರಡು ಭಾಗಗಳ ವಿದೇಶಿ ವಿನಿಮಯದ ಲೆಕ್ಕವನ್ನು ಬೇರೆಯಾಗಿಡಬೇಕು ಎಂಬುದು. 1949ರಲ್ಲಿ ಯಾರೂ ಕೇಳದ ರೈತನ ಲೆಕ್ಕ ಹದಿನೇಳು ವರ್ಷದ ಬಳಿಕ ರಾಜಕೀಯ ಬೇಡಿಕೆಯಾಗಿ ಎದ್ದು ನಿಂತಿತ್ತು.

ಅದೇ 1966ರಲ್ಲಿ ಇತ್ತ ಭಾರತದ ಸರದಿ. 1965ರ ಯುದ್ಧ, ಬರಗಾಲ, ನಿಂತುಹೋದ ವಿದೇಶಿ ನೆರವು ಎಲ್ಲ ಒಟ್ಟಾಗಿ ಜೂನ್ 6ರಂದು ಇಂದಿರಾ ಗಾಂಧಿ ಸರ್ಕಾರ ರೂಪಾಯಿಯನ್ನು ಶೇ 36.5ರಷ್ಟು ಇಳಿಸಿತು. ಡಾಲರು 4.76ರಿಂದ 7.50ಕ್ಕೆ ಹೋಯಿತು. ಪಾಕಿಸ್ತಾನ ಅಲ್ಲೇ ನಿಂತಿತು. ಅವರ 100 ರೂಪಾಯಿಗೆ ನಮ್ಮ 157 ಆಯಿತು. ಆದರೆ ಯುದ್ಧದ ನಂತರ ಎರಡು ದೇಶಗಳ ನಡುವೆ ವ್ಯಾಪಾರವೇ ನಿಂತಿದ್ದರಿಂದ ಆ ದರದಲ್ಲಿ ಕೊಡು ಕೊಳ್ಳುವವರು ಇರಲಿಲ್ಲ. ಅದರ ಬಿಸಿ ತಟ್ಟಿದ್ದು ಬೇರೆ ಕಡೆ. ಕೊಲ್ಲಿಯ ನಾಡುಗಳಲ್ಲಿ ಆಗ ರಿಸರ್ವ್ ಬ್ಯಾಂಕ್ 1959ರಿಂದ ಅಚ್ಚು ಹಾಕಿಸುತ್ತಿದ್ದ ‘ಗಲ್ಫ್ ರೂಪಾಯಿ’ ಚಲಾವಣೆಯಲ್ಲಿತ್ತು. ಬೇರೊಂದು ದೇಶ ರಾತ್ರೋರಾತ್ರಿ ತಮ್ಮ ಉಳಿತಾಯದ ಬೆಲೆಯನ್ನು ಇಳಿಸುವುದನ್ನು ಒಪ್ಪದ ಕತಾರ್, ದುಬೈಗಳು ಅದೇ ವರ್ಷ ರೂಪಾಯಿಯನ್ನು ಕೈಬಿಟ್ಟವು. ಒಮಾನ್ ಮಾತ್ರ 1970ರ ತನಕ ಇಟ್ಟುಕೊಂಡಿತು.

1971ರ ಡಿಸೆಂಬರ್‌ನಲ್ಲಿ ಬಾಂಗ್ಲಾದೇಶ ಹುಟ್ಟಿತು. ಮರುವರ್ಷ ಮಾರ್ಚ್ 4ರಂದು ಅದರ ಸ್ವಂತ ಕರೆನ್ಸಿ ಟಾಕಾ ಚಲಾವಣೆಗೆ ಬಂತು, ಮೊದಲ ನೋಟುಗಳು ಭಾರತದಲ್ಲೇ ಅಚ್ಚಾಗಿದ್ದವು. ಶುರುವಿಗೆ ಟಾಕಾವನ್ನು ಭಾರತದ ರೂಪಾಯಿಗೆ ಸಮವಾಗಿ ಇಡಲಾಗಿತ್ತು. ಸೆಣಬಿನ ಆದಾಯ ಕೈತಪ್ಪಿದ ಪಾಕಿಸ್ತಾನಕ್ಕೆ ತನ್ನ ದರದ ಸತ್ಯ ಎದುರಾದದ್ದು ಆಗ. 1972ರ ಮೇ ತಿಂಗಳಲ್ಲಿ ಭುಟ್ಟೋ ಸರ್ಕಾರ ಬೋನಸ್ ವೋಚರ್ ಯೋಜನೆಯನ್ನು ಮುಚ್ಚಿ, ಡಾಲರಿನ ದರವನ್ನು 4.76ರಿಂದ ಒಂದೇ ಏಟಿಗೆ 11 ರೂಪಾಯಿಗೆ ಏರಿಸಿತು. ಇಷ್ಟು ವರ್ಷ ಆ ದರವನ್ನು ಎತ್ತಿ ಹಿಡಿದಿದ್ದವರಲ್ಲಿ ಸೆಣಬು ಬೆಳೆದವರೂ ಇದ್ದರು, ಅವರು ಹೊರನಡೆದ ಕೆಲವೇ ತಿಂಗಳಲ್ಲಿ ಅದು ನೆಲಕ್ಕಿಳಿಯಿತು. ಭಾರತದ ರೂಪಾಯಿ ಪಾಕಿಸ್ತಾನದ್ದಕ್ಕಿಂತ ಮೊದಲ ಸಲ ಮೇಲಾದದ್ದು ಆಗ.

1973ರಲ್ಲಿ ಅಮೆರಿಕ ಡಾಲರನ್ನೇ ಇಳಿಸಿದಾಗ ಪಾಕಿಸ್ತಾನದ ದರ 9.90ಕ್ಕೆ ಬಂದು, 1982ರ ಜನವರಿ ತನಕ ಕದಲದೆ ನಿಂತಿತು. ಆಮೇಲೆ ಅಲ್ಲಿನ ಸರ್ಕಾರ ರೂಪಾಯಿಯನ್ನು ಸ್ವಲ್ಪಸ್ವಲ್ಪವೇ ಇಳಿಯಲು ಬಿಟ್ಟಿತು. ನಮ್ಮ ರೂಪಾಯಿಯೂ ಆ ದಶಕದುದ್ದಕ್ಕೂ ಇಳಿಯುತ್ತಲೇ ಇತ್ತು. 1991ರ ಜುಲೈನಲ್ಲಿ ಮೀಸಲು ಬರಿದಾಗಿ ಎರಡು ಕಂತಿನಲ್ಲಿ ಅಪಮೌಲ್ಯ ಮಾಡಿದೆವು, 1993ರ ಮಾರ್ಚ್‌ನಲ್ಲಿ ದರವನ್ನು ಮಾರುಕಟ್ಟೆಗೆ ಬಿಟ್ಟೆವು. ಆ ವರ್ಷದ ಸರಾಸರಿಯಲ್ಲಿ ಡಾಲರಿಗೆ ನಮ್ಮದು ಸುಮಾರು ಮೂವತ್ತೂವರೆ ರೂಪಾಯಿ, ಪಾಕಿಸ್ತಾನದ್ದು 28ರ ಆಸುಪಾಸು. ಇಂದು ಒಂದಕ್ಕೆ ಮೂರು ಎಂದು ಹೇಳಿಕೊಳ್ಳುವ ಎಷ್ಟೋ ಜನರ ಬಾಲ್ಯದಲ್ಲಿ ಅವರ ರೂಪಾಯಿಯೇ ದುಬಾರಿಯಾಗಿತ್ತು. ನಮ್ಮ ಆರ್ಥಿಕತೆಯ ಒಳ್ಳೆಯ ದಿನಗಳು ಶುರುವಾದದ್ದೂ ಸರಿಯಾಗಿ ಅದೇ ಕಾಲಕ್ಕೆ.

ಅಲ್ಲಿಂದ ಮುಂದೆ ದಾರಿಗಳು ಕವಲೊಡೆದವು. 1998ರ ಮೇ ತಿಂಗಳಲ್ಲಿ ಎರಡೂ ದೇಶಗಳು ಅಣುಬಾಂಬ್ ಪರೀಕ್ಷೆ ನಡೆಸಿದವು, ಇಬ್ಬರ ಮೇಲೂ ನಿರ್ಬಂಧ ಬಿತ್ತು. ಪಾಕಿಸ್ತಾನ ಜನರ ವಿದೇಶಿ ಕರೆನ್ಸಿ ಖಾತೆಗಳನ್ನೇ ತಡೆಹಿಡಿಯಿತು. ಉಳಿತಾಯ ಮಾಡಿದವನ ನಂಬಿಕೆ ಒಮ್ಮೆ ಮುರಿದರೆ ಕೂಡಿಕೊಳ್ಳಲು ವರ್ಷಗಳು ಬೇಕು. 2001ರಲ್ಲಿ ಡಾಲರಿಗೆ ನಮ್ಮದು 47, ಅವರದು 62ರ ಸುಮಾರು. 2008ರ ಜಾಗತಿಕ ಬಿಕ್ಕಟ್ಟಿನ ವರ್ಷ ಅವರ ರೂಪಾಯಿ ಜೋರಾಗಿ ಜಾರಿತು. ನಮಗಿಂತ ವೇಗವಾಗಿ ಏರಿದ ಬೆಲೆಗಳು, ಬೆಳೆಯದ ರಫ್ತು, ಇಪ್ಪತ್ತಕ್ಕೂ ಹೆಚ್ಚು ಸಲ ಹಣಕಾಸು ನಿಧಿಯ ಬಾಗಿಲು ತಟ್ಟಬೇಕಾದ ಸಾಲದ ಹೊರೆ, ಇವೆಲ್ಲ ಇದರ ಹಿಂದಿವೆ.

2022-23ರ ಚಳಿಗಾಲದಲ್ಲಿ 1950ರ ದಶಕದ ಪಾಠ ಹೊಸ ರೂಪದಲ್ಲಿ ಮರಳಿತು. ಮೀಸಲು ಸುಮಾರು 300 ಕೋಟಿ ಡಾಲರಿಗೆ ಇಳಿದಿದ್ದರೂ ಅಲ್ಲಿನ ಸರ್ಕಾರ ಅಧಿಕೃತ ದರವನ್ನು 230ರ ಹತ್ತಿರ ಹಿಡಿದಿಟ್ಟಿತ್ತು. ಹೊರಗಿನ ಮಾರುಕಟ್ಟೆಯಲ್ಲಿ ಡಾಲರು ಅದಕ್ಕಿಂತ ಎಷ್ಟೋ ದುಬಾರಿ. ಕೊಲ್ಲಿಯಲ್ಲಿ ದುಡಿಯುವ ಕಾರ್ಮಿಕ ಬ್ಯಾಂಕಿನ ಮೂಲಕ ಮನೆಗೆ ಹಣ ಕಳಿಸಿದರೆ ಕಡಿಮೆ, ಹುಂಡಿ ಎಂಬ ಅನಧಿಕೃತ ದಾರಿಯಲ್ಲಿ ಕಳಿಸಿದರೆ ಹೆಚ್ಚು. ಬ್ಯಾಂಕುಗಳಲ್ಲಿ ಡಾಲರಿಲ್ಲದೆ ಕರಾಚಿ ಬಂದರಿನಲ್ಲಿ ಸರಕಿನ ಕಂಟೇನರುಗಳು ಕೊಳೆಯುತ್ತ ಬಿದ್ದವು. 2023ರ ಜನವರಿ 26ರಂದು ಹಿಡಿತ ಸಡಿಲಿಸಿದಾಗ ರೂಪಾಯಿ ಒಂದೇ ದಿನ 230ರಿಂದ 255ಕ್ಕೆ ಜಾರಿತು. ಆ ವರ್ಷದ ಆಗಸ್ಟ್‌ನಲ್ಲಿ 300 ದಾಟಿತು. ಮೇ ತಿಂಗಳಲ್ಲಿ ಹಣದುಬ್ಬರ ಶೇ 38 ತಲುಪಿತ್ತು. ಆಮದಿನ ಗೋಧಿ, ಪೆಟ್ರೋಲು, ಔಷಧದ ಬೆಲೆಯಲ್ಲಿ ಈ ಕುಸಿತದ ಪೆಟ್ಟು ತಿಂದವರು ದರವನ್ನು ಹಿಡಿದಿಟ್ಟಾಗ ಲಾಭ ಮಾಡಿಕೊಂಡವರಾಗಿರಲಿಲ್ಲ.

ಇಷ್ಟಕ್ಕೂ ‘ಒಂದಕ್ಕೆ ಮೂರು’ ಎಂಬ ಅಂಕಿ ಎಲ್ಲಿಂದ ಬರುತ್ತದೆ? ಭಾರತದ ರೂಪಾಯಿ ಕೊಟ್ಟು ಪಾಕಿಸ್ತಾನದ್ದನ್ನು ಕೊಳ್ಳುವ ದೊಡ್ಡ ಪೇಟೆ ಎಲ್ಲೂ ಇಲ್ಲ. ಎರಡನ್ನೂ ಡಾಲರಿನ ಮೂಲಕ ಅಳೆಯುತ್ತಾರೆ. 2023ರ ಸರಾಸರಿಯಲ್ಲಿ ಡಾಲರಿಗೆ ಅವರದು ಸುಮಾರು 280, ನಮ್ಮದು 82 ರೂಪಾಯಿ 60 ಪೈಸೆ. 280ನ್ನು 82.6ರಿಂದ ಭಾಗಿಸಿದರೆ 3.39. ಹೀಗೆ ಮೂರನೆಯ ಕರೆನ್ಸಿಯನ್ನು ನಡುವೆ ಇಟ್ಟು ತೆಗೆಯುವ ದರಕ್ಕೆ ಕ್ರಾಸ್ ರೇಟ್ ಎನ್ನುತ್ತಾರೆ. ಬಡ ದೇಶಗಳ ಕರೆನ್ಸಿಗಳ ನಡುವಿನ ದರಗಳೆಲ್ಲ ಬಹುತೇಕ ಹೀಗೆಯೇ ಹುಟ್ಟುತ್ತವೆ. ಢಾಕಾದಿಂದ ಕೋಲ್ಕತ್ತಕ್ಕೆ ಸರಕು ಬಂದರೂ ಬಿಲ್ಲು ಹೆಚ್ಚಾಗಿ ಡಾಲರಿನಲ್ಲೇ. ಭಾರತ, ಪಾಕಿಸ್ತಾನದ ವಿಷಯದಲ್ಲಂತೂ 2019ರ ಫೆಬ್ರುವರಿಯಲ್ಲಿ ಪುಲ್ವಾಮಾ ದಾಳಿಯ ಬಳಿಕ ಭಾರತ ಶೇ 200ರ ಸುಂಕ ಹಾಕಿತು, ಆಗಸ್ಟ್‌ನಲ್ಲಿ ಪಾಕಿಸ್ತಾನ ವ್ಯಾಪಾರವನ್ನು ನಿಲ್ಲಿಸಿತು. 1966ರಂತೆ ಇಂದಿನ ದರವೂ ಹೆಚ್ಚುಕಡಿಮೆ ಕಾಗದದ ಮೇಲಿನ ಭಾಗಾಕಾರವೇ.

ಒಂದು ಕರೆನ್ಸಿಗೆ ಇನ್ನೊಂದರ ಎಷ್ಟು ಎಂಬ ಅಂಕಿ ತಾನಾಗಿ ಏನನ್ನೂ ಹೇಳದು ಎಂಬುದಕ್ಕೆ ಜಪಾನೇ ಸಾಕ್ಷಿ. ನಮ್ಮ ಒಂದು ರೂಪಾಯಿಗೆ ಒಂದಕ್ಕಿಂತ ಹೆಚ್ಚು ಯೆನ್ ಸಿಗುತ್ತದೆ, ಅದರಿಂದ ನಾವು ಜಪಾನಿಗಿಂತ ಸಿರಿವಂತರಾಗುವುದಿಲ್ಲ. ಹೇಳುವುದೇನಿದ್ದರೂ ದರದ ಬದಲಾವಣೆ ಹೇಳುತ್ತದೆ. ಎಷ್ಟು ವೇಗವಾಗಿ ಬದಲಾಯಿತು, ಯಾರ ತೀರ್ಮಾನದಿಂದ, ಆ ಬದಲಾವಣೆಯಲ್ಲಿ ಯಾರಿಗೆ ಬಂತು, ಯಾರಿಂದ ಹೋಯಿತು ಎಂದು ಕೇಳಿದಾಗ ಅದು ಬಾಯಿಬಿಡುತ್ತದೆ.

ಈ ಪ್ರಶ್ನೆಗಳು ನಮ್ಮ ಮನೆಯೊಳಗಿನವೂ ಹೌದು. ಡಾಲರು ಏರಿದ ದಿನ ಕೊಡಗು, ಚಿಕ್ಕಮಗಳೂರಿನ ಕಾಫಿ ರಫ್ತಿಗೆ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ರೂಪಾಯಿ ಲೆಕ್ಕದಲ್ಲಿ ಹೆಚ್ಚು ಬರುತ್ತದೆ. ಅದೇ ದಿನ ಅಡುಗೆಮನೆಯ ತಾಳೆ ಎಣ್ಣೆ, ಹೊಲದ ಪೊಟ್ಯಾಷ್ ಗೊಬ್ಬರ, ಬೈಕಿನ ಪೆಟ್ರೋಲಿನ ಖರ್ಚು ಏರುವ ದಾರಿ ಹಿಡಿಯುತ್ತದೆ. ರೂಪಾಯಿ ಗಟ್ಟಿಯಾಗಲಿ ಎಂದು ಘೋಷಣೆ ಕೂಗುವ ಮುನ್ನ ಯಾರ ಪಾಲಿಗೆ ಗಟ್ಟಿ ಎಂದು ಕೇಳುವುದು ದೇಶದ್ರೋಹವಲ್ಲ, ಲೆಕ್ಕ ತಿಳಿದವರ ಕರ್ತವ್ಯ.

1949ರಲ್ಲಿ ಪಾಕಿಸ್ತಾನದ ನಾಯಕರು ದರವನ್ನು ಸ್ವಾತಂತ್ರ್ಯದ ಗುರುತೆಂದು ನೋಡಿದರು, ಭಾರತದ ನಾಯಕರು ಅದನ್ನು ಸವಾಲೆಂದು ನೋಡಿದರು. ಎರಡು ರಾಜಧಾನಿಗಳೂ ತಮ್ಮ ತಮ್ಮ ಮಾನ ಕಾಪಾಡಿಕೊಂಡವು. ಅದರ ಖರ್ಚನ್ನು ಗೇಣು ಜಮೀನಿನ ಬೆಳೆಗಾರ ತುಂಬಿದ, ಭತ್ತ ಬಿಟ್ಟು ಸೆಣಬು ಹಾಕಿದ ಕಡೆ ಅಕ್ಕಿ ಕೊಳ್ಳುವವನು ತುಂಬಿದ. ಇನ್ನು ಮುಂದೆ ಎರಡು ದೇಶಗಳ ರೂಪಾಯಿಯನ್ನು ಯಾರಾದರೂ ಹೋಲಿಸಿದರೆ ಯಾರದು ಮೇಲು ಎಂಬ ಪ್ರಶ್ನೆಯನ್ನು ಬದಿಗಿಡೋಣ. ಈ ದರವನ್ನು ಎತ್ತಿ ನಿಲ್ಲಿಸಲು ಯಾರ ದುಡಿಮೆ ಸವೆಯುತ್ತಿದೆ, ಅದಕ್ಕೆ ಅವರ ಒಪ್ಪಿಗೆ ಇದೆಯೇ ಎಂದು ಕೇಳೋಣ. ಎಪ್ಪತ್ತೈದು ವರ್ಷಗಳ ಈ ಇತಿಹಾಸದಲ್ಲಿ ಅಧಿಕಾರದಲ್ಲಿದ್ದವರು ಅದನ್ನು ಸಕಾಲದಲ್ಲಿ ಕೇಳಿದ್ದರೆ ಎರಡೂ ಕಡೆಯ ಬಡವರಿಗೆ ಒಂದಿಷ್ಟು ನ್ಯಾಯ ಸಿಗುತ್ತಿತ್ತು.